ಹೊರುವವನಿಗೆ ಯಾರು ಹೇಳಿದರು?

ಕಳೆದ ವಾರದ ಚರ್ಚಾಕೂಟದಲ್ಲಿ ಗೆಳೆಯನೊಬ್ಬ ಎದ್ದುನಿಂತು, "ಯುದ್ಧ ಅಂದ್ರೆ ಶೌರ್ಯ ಕಣ್ರಯ್ಯ, ಸಾಮಾನು ಸಾಗಿಸೋದು ಗುಮಾಸ್ತರ ಕೆಲಸ" ಎಂದ. ಚಪ್ಪಾಳೆಯೂ ಬಿತ್ತು. ನಾನು ಸುಮ್ಮನಿದ್ದೆ. ಮನೆಗೆ ಹೊರಟ ಲೋಕಲ್ ಗಾಡಿ ಮಸ್ಜಿದ್ ಬಂದರ್ ದಾಟುವಾಗ ಉತ್ತರ ಹೊಳೆಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಊರ ಕಡೆ ಒಂದು ಕತೆಯಿದೆ. ಕುರುಕ್ಷೇತ್ರದಲ್ಲಿ ಯಾವ ಪಕ್ಷವನ್ನೂ ಸೇರದ ಉಡುಪಿಯ ಅರಸ ಎರಡೂ ಸೈನ್ಯಕ್ಕೆ ಅಡುಗೆ ಮಾಡಿಸಿದನಂತೆ. ಒಂದು ದಿನವೂ ಅನ್ನ ಮಿಗಲಿಲ್ಲ, ಸಾಲದೆಯೂ ಹೋಗಲಿಲ್ಲ. ರಾತ್ರಿ ಕೃಷ್ಣ ಎಷ್ಟು ನೆಲಗಡಲೆ ತಿಂದನೋ ಮರುದಿನ ಅಷ್ಟು ಸಾವಿರ ಸಾವು. ಅದೇ ಅರಸನ ಲೆಕ್ಕ. ಅಮೆರಿಕದ ನೆಲಗಡಲೆ ದ್ವಾಪರಕ್ಕೆ ಹೇಗೆ ಬಂತು ಅಂತ ಕೇಳಬೇಡಿ. ಉಣ್ಣದ ಸೈನ್ಯ ಬಿಲ್ಲು ಎತ್ತುವುದಿಲ್ಲ ಎಂಬುದು ಕತೆ ಕಟ್ಟಿದವನಿಗೆ ಗೊತ್ತಿತ್ತು.

ಕತೆ ಬೇಡ, ಚರಿತ್ರೆ ಬೇಕೆನ್ನುವವರು 1944ನ್ನು ನೋಡಲಿ. ಇಂಫಾಲ, ಕೊಹಿಮಾ ಮೇಲೆ ಬಿದ್ದ ಜಪಾನಿ ಸೈನ್ಯ ಹೆಚ್ಚುಕಡಿಮೆ ಮೂರು ವಾರದ ಬುತ್ತಿ ಕಟ್ಟಿಕೊಂಡು ಬಂದಿತ್ತು. ಒಳಗೆ ಸಿಕ್ಕಿಬಿದ್ದವರಿಗೆ ವಿಮಾನದಲ್ಲಿ ಅನ್ನ, ಮದ್ದುಗುಂಡು ಬಂತು; ಹೊರಗಿನ ಜಪಾನಿಯರು ಹಸಿದು ಹಿಂದೆ ಸರಿದರು. ಶೌರ್ಯ ಅವರಲ್ಲೇನು ಕಡಿಮೆ ಇತ್ತೇ?

ಹಾಗಾದರೆ ಬೇಗ ಸಾಗಿಸುವುದೇ ಗೆಲುವೇ? ಅಲ್ಲ. ಅದೇ ವರ್ಷ, ಅದೇ ಏಪ್ರಿಲ್, ನಮ್ಮ ಮುಂಬಯಿ. ಬರ್ಕನ್‌ಹೆಡ್‌ನಿಂದ ಹೊರಟ 'ಫೋರ್ಟ್ ಸ್ಟಿಕೀನ್' ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕಗಳಿದ್ದವು. ಕರಾಚಿಯಲ್ಲಿ ಅದರ ಮೇಲೆ ಹತ್ತಿಯ ಬೇಲುಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ಹೇರಿದರು. ಜಾಗ ಉಳಿದಿತ್ತು, ತುಂಬಿದರು! ನನ್ನ ಮಾವನ ಹೋಟೆಲಿನಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕ ಎಣ್ಣೆ ಡಬ್ಬ ಇಟ್ಟರೆ ಅಡುಗೆ ಹುಡುಗರಿಗೆ ಬೈಗುಳದ ಮಳೆ. ಅಷ್ಟು ತಿಳುವಳಿಕೆ ಒಂದು ಸಾಮ್ರಾಜ್ಯಕ್ಕೆ ಇರಲಿಲ್ಲ.

ಏಪ್ರಿಲ್ 12ಕ್ಕೆ ಹಡಗು ವಿಕ್ಟೋರಿಯಾ ಡಾಕಿಗೆ ಬಂತು. ಒಳಗೆ ಸಿಡಿಮದ್ದಿದೆ ಎಂದು ಸಾರುವ ಕೆಂಪು ಬಾವುಟ ಏರಿಸಲಿಲ್ಲ. ಯುದ್ಧದ ಅವಸರ ನೋಡಿ! ಅಷ್ಟು ಅವಸರದ ಹಡಗು ಎರಡು ದಿನವಾದರೂ ಖಾಲಿಯಾಗದೆ ಅಲ್ಲೇ ನಿಂತಿತ್ತು. 14ರ ಮಧ್ಯಾಹ್ನ ಹತ್ತಿಗೆ ಬೆಂಕಿ. 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆ ಕಳೆದು ಎರಡನೆಯದು. ದೂರದ ಸಿಮ್ಲಾದ ಭೂಕಂಪಮಾಪಕಕ್ಕೂ ಅದು ತಿಳಿಯಿತು. ಡಾಕಿನ ಕೂಲಿಯವನಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ನನ್ನ ವಾದ ಇಷ್ಟೇ. ಸರಬರಾಜೆಂದರೆ ವೇಗವೊಂದೇ ಅಲ್ಲ. ಯಾವುದರ ಜೊತೆ ಯಾವುದನ್ನು ಇಡಬಾರದು ಎಂಬ ವಿವೇಕ ಅದು; ಜೊತೆಗೆ, ಹೊರುವವನಿಗೆ ತಾನು ಹೊರುವುದೇನೆಂದು ಹೇಳುವ ಧರ್ಮ. "ಯುದ್ಧಕಾಲ, ಗುಟ್ಟು ಬೇಕು" ಅನ್ನುತ್ತೀರಾ? ಗುಟ್ಟು ಶತ್ರುವಿಗೆ ಇರಲಿ. ನೀರಿನ ಪೈಪು ಹಿಡಿದು ಬೆಂಕಿಗೆ ಮುಖ ಕೊಟ್ಟವನಿಗೂ ಏಕೆ?

ಅಂದು ಸತ್ತ 66 ಮಂದಿ ಅಗ್ನಿಶಾಮಕರಿಗೆ ಬೈಖಲದಲ್ಲಿ ಸ್ಮಾರಕವಿದೆ. ಏಪ್ರಿಲ್ 14 ದೇಶಕ್ಕೆಲ್ಲ ಅಗ್ನಿಶಾಮಕ ದಿನ. ಸರಿಯೇ. ಉಳಿದವರು? ಒಂದು ಕಡೆ ಒಟ್ಟು 800 ಎಂದಿದೆ, ಇನ್ನೊಂದು ಕಡೆ 1,300. ಅದೇ ಹಡಗಿನಲ್ಲಿ 31 ಪೆಟ್ಟಿಗೆ ಬಂಗಾರವಿತ್ತು. ಅದನ್ನು ಎಣಿಸಿಯೇ ತುಂಬಿದ್ದರು. ಎಷ್ಟೋ ವರ್ಷಗಳ ನಂತರವೂ ಹೂಳೆತ್ತುವಾಗ ಒಂದೊಂದು ಗಟ್ಟಿ ಸಿಕ್ಕಿತು.

ಉಡುಪಿಯ ಅರಸ ಕನಿಷ್ಠ ಸಾಯುವವರನ್ನು ಎಣಿಸಿದ್ದ. ಇವರು ಬಂಗಾರವನ್ನು ಮಾತ್ರ ಎಣಿಸಿದರು. ಗುಮಾಸ್ತರ ಕೆಲಸ ಅಂದೆಯಲ್ಲ ಗೆಳೆಯಾ, ಆ ಗುಮಾಸ್ತಿಕೆಯನ್ನಾದರೂ ನೆಟ್ಟಗೆ ಮಾಡಿದ್ದರೆ?