ವೈದ್ಯರ ಮನಸ್ಸೂ ಕಾರ್ಮಿಕನ ಎದೆಯೂ

ವೈದ್ಯನನ್ನು ನಾರಾಯಣನೆಂದು ಬಗೆದ ನಾಡು ನಮ್ಮದು. ಆ ಗೌರವಕ್ಕೆ ನಾವು ಅಡ್ಡಿ ಬರುವವರಲ್ಲ. ಆದರೆ ವೈದ್ಯನೂ ಒಂದು ಜಾತಿಯಲ್ಲಿ, ಒಂದು ವರ್ಗದಲ್ಲಿ ಹುಟ್ಟಿ ಬೆಳೆದ ಮನುಷ್ಯ. ಅಲ್ಲಿ ಕಲಿತ ತಾತ್ಸಾರವನ್ನು ಅವನು ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗುವುದಿಲ್ಲ. ಅದರ ಬೆಲೆ ತೆರುವವನು ರೋಗಿ.

ಅಮೆರಿಕದ ಲೂಯಿಸಿಯಾನಾದಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯನಿದ್ದನು. 1851ರಲ್ಲಿ ಆತನು ಹೊಸದೊಂದು ರೋಗವನ್ನು 'ಕಂಡುಹಿಡಿದನು'. ಗುಲಾಮರು ಒಡೆಯನಿಂದ ತಪ್ಪಿಸಿಕೊಂಡು ಓಡಿಹೋಗುವುದೇ ಆ ರೋಗ. ಚಾವಟಿಯೇ ಅದಕ್ಕೆ ಮದ್ದು! ಇದೇ ಮಹಾಶಯನು ಉಸಿರಳೆಯುವ ಯಂತ್ರ ಹಿಡಿದು, ಕಪ್ಪು ಜನರ ಶ್ವಾಸಕೋಶದ ಶಕ್ತಿ ಸ್ವಭಾವತಃ ನೂರಕ್ಕೆ 20ರಷ್ಟು ಕಡಿಮೆಯೆಂದು ಸಾರಿದನು. ಮೊದಲನೆಯ ಮಾತು ಕಸದ ಬುಟ್ಟಿ ಸೇರಿತು. ಎರಡನೆಯದು ಶಾಸ್ತ್ರದ ವೇಷ ತೊಟ್ಟು ಯಂತ್ರದೊಳಗೇ ಕುಳಿತಿತು.

ಅದರ ಲೆಕ್ಕ ನೋಡಿರಿ. ಬಿಳಿಯ ಕಾರ್ಮಿಕನ ಎದೆಯಿಂದ 4 ಲೀಟರ್ ಗಾಳಿ ಬರಬೇಕೆನ್ನೋಣ. ಬಂದದ್ದು 3 ಆದರೆ, ನೂರಕ್ಕೆ 75, ಅವನು ರೋಗಿ. ಕಪ್ಪು ಕಾರ್ಮಿಕನಿಗೆ ನೂರಕ್ಕೆ 15 ಮೊದಲೇ ಕಳೆದು 3.4 ಸಾಕೆಂದರು. ಅವನದೂ 3 ಲೀಟರೇ. ಆದರೆ ನೂರಕ್ಕೆ 88, ಅವನು ನಿರೋಗಿ! ಎದೆ ಒಂದೇ, ಉಬ್ಬಸ ಒಂದೇ, ಪರಿಹಾರ ಮಾತ್ರ ಒಬ್ಬನಿಗೆ. 1999ರಲ್ಲಿ ಬಾಲ್ಟಿಮೋರ್‌ನಲ್ಲಿ ಕಲ್ನಾರಿನ ಧೂಳಿನಿಂದ ಕೆಟ್ಟ ಕಾರ್ಮಿಕರು ಪರಿಹಾರ ಕೇಳಿದಾಗ, ದೊಡ್ಡದೊಂದು ಕಂಪನಿ ಇದೇ ಲೆಕ್ಕವನ್ನು ನ್ಯಾಯಾಲಯದ ಮುಂದಿಟ್ಟಿತು. ಬಣ್ಣ ನೋಡದೆ ಉಸಿರನ್ನು ಅಳೆಯಿರೆಂದು ಅಲ್ಲಿನ ಎದೆರೋಗ ತಜ್ಞರ ಸಂಘ ಹೇಳಿದ್ದು 2023ರಲ್ಲಿ!

ನಮ್ಮಲ್ಲಿ ಬಣ್ಣದ ಜಾಗದಲ್ಲಿ ಜಾತಿ, ಬಡತನ, ಆಡುವ ಮಾತು ಇವೆ. ಹತ್ತಿ ಗಿರಣಿಯ ಬ್ಲೋರೂಮಿನಲ್ಲಿ, ಕಾರ್ಡಿಂಗಿನಲ್ಲಿ ದುಡಿಯುವವನು ವಾರದ ರಜೆ ಮುಗಿಸಿ ಬಂದ ಮೊದಲ ದಿನವೇ ಎದೆ ಬಿಗಿಯುತ್ತದೆ ಎನ್ನುತ್ತಾನೆ. ಇವನು ರಜೆಯಲ್ಲಿ ಕುಡಿದಿದ್ದಾನೆ, ಇನ್ನೊಂದು ದಿನದ ಚೀಟಿಗಾಗಿ ನಟಿಸುತ್ತಿದ್ದಾನೆ ಎಂದು ತಾತ್ಸಾರದ ಕಣ್ಣು ಎಣಿಸುತ್ತದೆ. ಆದರೆ ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ರೋಗದ ಗುರುತೇ ಅದು! ರಜೆಯ ಮರುದಿನ ಎದೆ ಬಿಗಿಯುವುದರಿಂದಲೇ ಅದನ್ನು ಮೊದಲು ಪತ್ತೆ ಮಾಡುವುದು. ನಮ್ಮ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿಯೂ ಅದು ಸೇರಿದೆ. ರೋಗದ ಸಾಕ್ಷಿಯನ್ನೇ ಸೋಮಾರಿತನದ ಸಾಕ್ಷಿಯೆಂದು ಓದಿದರೆ, ಕಾರ್ಮಿಕನು ಮತ್ತೆ ಅದೇ ಧೂಳಿಗೆ ಮರಳಬೇಕು. ಮೊದಲು ಆರೋಗ್ಯ, ಆಮೇಲೆ ಕೂಲಿ, ಕೊನೆಗೆ ಪರಿಹಾರವೂ ಹೋಗುತ್ತದೆ. ಅರಳೆ ಮಾರುವ ಸಣ್ಣ ಅಂಗಡಿಕಾರನೂ ಈ ಧೂಳಿನಿಂದ ಪಾರಾದವನಲ್ಲ.

ನಾವು ಕೇಳುವುದು ದಯೆಯನ್ನಲ್ಲ. 1700ರಲ್ಲಿ ಇಟಲಿಯ ವೈದ್ಯ ರಮಾಜಿನಿ, ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ ಅವನ ಕಸುಬು ಯಾವುದೆಂಬುದನ್ನೂ ಸೇರಿಸಿರೆಂದು ಬರೆದನು. ಮುನ್ನೂರು ವರ್ಷ ಕಳೆದರೂ ಆ ಪ್ರಶ್ನೆ ಎಷ್ಟು ಚೀಟಿಗಳ ಮೇಲೆ ಕಾಣುತ್ತದೆ? ಯಾವ ಖಾತೆ, ಎಷ್ಟು ವರ್ಷ, ಯಾವ ದಿನ ಎದೆ ಬಿಗಿಯುತ್ತದೆ ಎಂಬುದನ್ನು ರೋಗಿಯ ಮಾತಿನಲ್ಲಿಯೇ ಕೇಳಿ ಬರೆದುಕೊಳ್ಳಬೇಕು. ಧೂಳಿನ ಖಾತೆಗಳಲ್ಲಿರುವ ಪ್ರತಿಯೊಬ್ಬರ ಉಸಿರನ್ನೂ ಕಾಲಕಾಲಕ್ಕೆ ಅಳೆಯಬೇಕು. ಅಳತೆಯ ಪ್ರತಿ ಕಾರ್ಮಿಕನ ಕೈಯಲ್ಲಿರಬೇಕು.

ಕಾರ್ಮಿಕ ಬಂಧುಗಳೇ, ವೈದ್ಯರು ಕೇಳದಿದ್ದರೆ ನೀವೇ ಹೇಳಿರಿ. ಒಬ್ಬನ ಮಾತನ್ನು ನೆಪವೆಂದು ತಳ್ಳಬಹುದು. ಇಡೀ ಖಾತೆಯೇ ಬಂದು ಹೇಳಿದಾಗ ಅದನ್ನು ಬರೆದುಕೊಳ್ಳಲೇಬೇಕಾಗುತ್ತದೆ.