ಬೀಡಿ-ಸಿಗರೇಟಿನಿಂದ ಇ-ಸಿಗರೇಟಿಗೆ: ಕಾನೂನಿನ ಸ್ಥಿತಿ ಹಾಗೂ ತಂಬಾಕು ತ್ಯಜಿಸಲು ಲಭ್ಯವಿರುವ ಸೇವೆಗಳು

ಬೀಡಿ ಅಥವಾ ಸಿಗರೇಟು ಸೇದುವ ಅಭ್ಯಾಸವನ್ನು ಬಿಡಲು ಇಚ್ಛಿಸುವವರು ಮೊದಲ ಹೆಜ್ಜೆಯಾಗಿ ಇ-ಸಿಗರೇಟು, ಅಂದರೆ ವೇಪ್, ಬಳಸಬಹುದೆಂಬ ಸಲಹೆಯು ಮೊಬೈಲ್ ದೂರವಾಣಿಯ ಮೂಲಕ ಪಟ್ಟಣಗಳಿಗಷ್ಟೇ ಅಲ್ಲದೆ ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯಂತಹ ಗ್ರಾಮಗಳಿಗೂ ತಲುಪುವಂತಾಗಿದೆ. ಇಂತಹ ಸಲಹೆಗಳಲ್ಲಿ ಹಲವು ಇ-ಸಿಗರೇಟಿನ ಮಾರಾಟಕ್ಕೆ ಅನುಮತಿಯಿರುವ ದೇಶಗಳಿಂದ ಬಂದವು. ಭಾರತದಲ್ಲಿ ಈ ಮಾರ್ಗಕ್ಕೆ ಕಾನೂನಿನ ಅವಕಾಶವಿಲ್ಲ. ಆದರೆ ಹೊಗೆಯನ್ನು ಬಿಟ್ಟು ನಿಕೋಟಿನ್‌ನ ಹಂಬಲವನ್ನು ಹಂತಹಂತವಾಗಿ ತಗ್ಗಿಸಿಕೊಳ್ಳುವ ಚಿಕಿತ್ಸೆಯು ಕಾನೂನುಬದ್ಧವಾಗಿಯೇ ದೊರೆಯುತ್ತದೆ. ಈ ವ್ಯತ್ಯಾಸವನ್ನು ಸಾರ್ವಜನಿಕರು ಅರಿತುಕೊಳ್ಳುವುದು ಅವಶ್ಯಕ.

ಕಾನೂನಿನ ಸ್ಥಿತಿ

ಕರ್ನಾಟಕ ಸರ್ಕಾರವು 2016ರ ಜೂನ್ ತಿಂಗಳಲ್ಲಿಯೇ ಇ-ಸಿಗರೇಟುಗಳ ಮಾರಾಟವನ್ನು ನಿಷೇಧಿಸಿತು. ತರುವಾಯ ಕೇಂದ್ರ ಸರ್ಕಾರವು 2019ರ ಸೆಪ್ಟೆಂಬರ್ 18ರಂದು ಅಧ್ಯಾದೇಶವನ್ನು ಹೊರಡಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದರ ಸ್ಥಾನದಲ್ಲಿ ಇಲೆಕ್ಟ್ರಾನಿಕ್ ಸಿಗರೇಟುಗಳ ನಿಷೇಧ ಅಧಿನಿಯಮ, 2019 ಜಾರಿಗೆ ಬಂದಿತು. ಇದರನ್ವಯ ಇ-ಸಿಗರೇಟುಗಳ ಉತ್ಪಾದನೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ಸಂಗ್ರಹಣೆ ಮತ್ತು ಜಾಹೀರಾತು ನಿಷಿದ್ಧವಾಗಿವೆ. ಯಾವುದೇ ಪದಾರ್ಥವನ್ನು ಬಿಸಿಮಾಡಿ ಸೇದುವ ಆವಿಯನ್ನು ಉಂಟುಮಾಡುವ ಇಲೆಕ್ಟ್ರಾನಿಕ್ ಸಾಧನವು, ಅದರಲ್ಲಿ ನಿಕೋಟಿನ್ ಇರಲಿ ಇಲ್ಲದಿರಲಿ, ಈ ವ್ಯಾಖ್ಯೆಗೆ ಒಳಪಡುತ್ತದೆ. ಇ-ಹುಕ್ಕಾ ಸಹ ಇದರಲ್ಲಿ ಸೇರಿದೆ. ಆದ್ದರಿಂದ "ನಿಕೋಟಿನ್ ರಹಿತ" ಅಥವಾ "ಗಿಡಮೂಲಿಕೆಯ" ಎಂಬ ಹೆಸರಿನಲ್ಲಿ ಮಾರುವ ಸಾಧನಗಳಿಗೂ ವಿನಾಯಿತಿ ಇರುವುದಿಲ್ಲ.

ಮಾರಾಟ, ಆಮದು ಮೊದಲಾದ ಅಪರಾಧಗಳಿಗೆ ಮೊದಲ ಬಾರಿ ಒಂದು ವರ್ಷದವರೆಗಿನ ಕಾರಾವಾಸ ಅಥವಾ 1 ಲಕ್ಷ ರೂಪಾಯಿಗಳವರೆಗಿನ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದು. ಅಪರಾಧವು ಪುನರಾವರ್ತನೆಯಾದಲ್ಲಿ 3 ವರ್ಷಗಳವರೆಗಿನ ಕಾರಾವಾಸ ಹಾಗೂ 5 ಲಕ್ಷ ರೂಪಾಯಿಗಳವರೆಗಿನ ಜುಲ್ಮಾನೆಗೆ ಅವಕಾಶವಿದೆ. ಸಂಗ್ರಹಣೆಗೆ 6 ತಿಂಗಳವರೆಗಿನ ಕಾರಾವಾಸ ಅಥವಾ 50,000 ರೂಪಾಯಿಗಳವರೆಗಿನ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದು. ಸೇದಿದವರಿಗೆಂದು ಪ್ರತ್ಯೇಕ ದಂಡನೆಯನ್ನು ಅಧಿನಿಯಮವು ಹೇಳಿಲ್ಲವಾದರೂ, ಯಾವುದೇ ಪ್ರಮಾಣದಲ್ಲಿ ಇ-ಸಿಗರೇಟನ್ನು ಹೊಂದಿರುವುದು ಕಾನೂನಿನ ಉಲ್ಲಂಘನೆಯೆಂದು ಕೇಂದ್ರ ಆರೋಗ್ಯ ಮಂತ್ರಾಲಯವು 2023ರಲ್ಲಿ ಸ್ಪಷ್ಟಪಡಿಸಿದೆ. ಅಧಿನಿಯಮವು ಇಡೀ ದೇಶಕ್ಕೆ ಅನ್ವಯಿಸುವುದರಿಂದ ನೆರೆಯ ಕೊಲ್ಹಾಪುರದಿಂದಾಗಲಿ ಗೋವಾದಿಂದಾಗಲಿ ತಂದುಕೊಂಡರೆ ದೋಷವಿಲ್ಲವೆಂಬ ಭಾವನೆ ಸರಿಯಲ್ಲ. ವಿದೇಶದಿಂದ ಅಂಚೆಯ ಮೂಲಕ ತರಿಸಿಕೊಳ್ಳುವುದೂ ಆಮದು ಎನಿಸಿಕೊಳ್ಳುತ್ತದೆ.

ಸಹಜವಾಗಿ ಏಳುವ ಪ್ರಶ್ನೆ

ಪ್ರತಿ ಅಂಗಡಿಯಲ್ಲಿ ಬೀಡಿ ದೊರೆಯುವಾಗ, ಅದಕ್ಕಿಂತ ಕಡಿಮೆ ಹಾನಿಕರವೆಂದು ಹೇಳಲಾಗುವ ಸಾಧನವನ್ನು ಏಕೆ ನಿಷೇಧಿಸಲಾಗಿದೆ ಎಂಬ ಪ್ರಶ್ನೆಯು ನ್ಯಾಯವಾದುದೇ ಆಗಿದೆ. ನಿಕೋಟಿನ್ ಇರುವ ಇ-ಸಿಗರೇಟು ಬಳಸಿದವರಲ್ಲಿ ಧೂಮಪಾನ ತ್ಯಜಿಸಿದವರ ಪ್ರಮಾಣವು ನಿಕೋಟಿನ್ ಗಮ್ ಅಥವಾ ಪಟ್ಟಿ ಬಳಸಿದವರಿಗಿಂತ ಹೆಚ್ಚೆಂದು ಕೊಕ್ರೇನ್ ಸಂಸ್ಥೆಯ ಸಂಶೋಧನಾ ಸಮೀಕ್ಷೆಯು 2022ರಲ್ಲಿ ತಿಳಿಸಿದೆ. ಬ್ರಿಟನ್ನಿನ ಆರೋಗ್ಯ ವ್ಯವಸ್ಥೆಯು ವಯಸ್ಕ ಧೂಮಪಾನಿಗಳಿಗೆ ಈ ಮಾರ್ಗವನ್ನು ಸೂಚಿಸುತ್ತದೆ. ಆದರೆ ಮಕ್ಕಳಲ್ಲಿ ಬಳಕೆ ಹೆಚ್ಚಿದ ಹಾಗೂ ಪರಿಸರಕ್ಕೆ ಹಾನಿಯಾದ ಕಾರಣ ಅದೇ ಬ್ರಿಟನ್ 2025ರ ಜೂನ್ 1ರಿಂದ ಒಮ್ಮೆ ಬಳಸಿ ಬಿಸಾಡುವ ವೇಪ್‌ಗಳ ಮಾರಾಟವನ್ನು ನಿಷೇಧಿಸಬೇಕಾಯಿತು. ಎಂದೂ ತಂಬಾಕು ಮುಟ್ಟದ ಯುವಜನರು ನಿಕೋಟಿನ್ ವ್ಯಸನಕ್ಕೆ ಬೀಳಬಾರದೆಂಬುದೇ ಭಾರತದ ನಿಷೇಧದ ಮುಖ್ಯ ಉದ್ದೇಶವಾಗಿದೆ.

ವಿದೇಶದ ಅಧ್ಯಯನಗಳು ಪರಿಶೀಲನೆಗೊಳಪಟ್ಟ ವಸ್ತುಗಳನ್ನು ಕುರಿತವು ಎಂಬುದನ್ನೂ ಗಮನಿಸಬೇಕು. ಕದ್ದುಮುಚ್ಚಿ ಮಾರುವ ಸಾಧನದಲ್ಲಿ ಯಾವ ದ್ರವವಿದೆ, ನಿಕೋಟಿನ್ ಎಷ್ಟಿದೆ ಎಂಬುದಕ್ಕೆ ಯಾರೂ ಹೊಣೆಯಾಗಿರುವುದಿಲ್ಲ. ಅಮೆರಿಕದಲ್ಲಿ 2019ರಲ್ಲಿ ಕಾಣಿಸಿಕೊಂಡ ಶ್ವಾಸಕೋಶದ ತೀವ್ರ ಕಾಯಿಲೆಯಿಂದ 2020ರ ಫೆಬ್ರವರಿಯವರೆಗೆ 2,807 ಜನರು ಆಸ್ಪತ್ರೆ ಸೇರಿದ ಅಥವಾ ಮರಣ ಹೊಂದಿದ ಪ್ರಕರಣಗಳು ವರದಿಯಾಗಿದ್ದು, ಅವರಲ್ಲಿ 68 ಜನರು ಮೃತಪಟ್ಟಿದ್ದರು. ಅನಧಿಕೃತ ಮೂಲಗಳಿಂದ ಪಡೆದ ಗಾಂಜಾ ಸಾರದ ವೇಪ್‌ಗಳಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಇದಕ್ಕೆ ಪ್ರಮುಖ ಕಾರಣವೆಂದು ಕಂಡುಬಂದಿತು. ಇದಲ್ಲದೆ ವೇಪ್ ಆರಂಭಿಸಿದವರಲ್ಲಿ ಅನೇಕರು ಬೀಡಿ, ಸಿಗರೇಟನ್ನು ಪೂರ್ಣವಾಗಿ ಬಿಡದೆ ಎರಡನ್ನೂ ಮುಂದುವರಿಸುತ್ತಾರೆ. ಹೀಗಾದಲ್ಲಿ ನಿರೀಕ್ಷಿತ ಪ್ರಯೋಜನ ದೊರೆಯುವುದಿಲ್ಲ.

ಸಿಗರೇಟಿನ ಮೇಲೂ ನಿರ್ಬಂಧಗಳು ಬಿಗಿಯಾಗಿವೆ. ರಾಷ್ಟ್ರಪತಿಗಳ ಅಂಕಿತ ಪಡೆದು 2025ರ ಮೇ ತಿಂಗಳಲ್ಲಿ ಪ್ರಕಟವಾದ ಕರ್ನಾಟಕದ ತಿದ್ದುಪಡಿ ಅಧಿನಿಯಮವು ತಂಬಾಕು ಖರೀದಿಯ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೂ, ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಮಾಡಿದವರ ದಂಡವನ್ನು 200 ರೂಪಾಯಿಗಳಿಂದ 1,000 ರೂಪಾಯಿಗಳಿಗೂ ಏರಿಸಿದೆ.

ಈ ಭಾಗದ ವಿಶೇಷ ಪರಿಸ್ಥಿತಿ

ಬೆಳಗಾವಿ ಜಿಲ್ಲೆಯ ನಿಪ್ಪಾಣಿಯು ಬೀಡಿ ತಂಬಾಕಿನ ಹೆಸರಾಂತ ಮಾರುಕಟ್ಟೆ. ತಂಬಾಕು ಇಲ್ಲಿ ಬೆಳೆಯೂ ಹೌದು, ಅಭ್ಯಾಸವೂ ಹೌದು. 2016-17ರ ಜಾಗತಿಕ ವಯಸ್ಕ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನರು ತಂಬಾಕು ಬಳಸುತ್ತಿದ್ದರು. ಧೂಮಪಾನಿಗಳು ಶೇ. 8.8ರಷ್ಟಿದ್ದರೆ, ಹೊಗೆರಹಿತ ತಂಬಾಕು ಬಳಸುವವರು ಶೇ. 16.3ರಷ್ಟಿದ್ದರು. ಸಿಗರೇಟಿನ ಬದಲು ವೇಪ್ ಎಂಬ ಸಲಹೆಯು ಎಲೆ-ಅಡಿಕೆಯೊಡನೆ ತಂಬಾಕು ಜಗಿಯುವವರಿಗೆ ಯಾವ ರೀತಿಯಲ್ಲೂ ಉಪಯುಕ್ತವಲ್ಲ. ಮುಂದೆ ತಿಳಿಸಿರುವ ಆಪ್ತ ಸಮಾಲೋಚನೆಯಾದರೋ ಸೇದುವವರಿಗೂ ಜಗಿಯುವವರಿಗೂ ಸಮಾನವಾಗಿ ದೊರೆಯುತ್ತದೆ.

ಲಭ್ಯವಿರುವ ಚಿಕಿತ್ಸೆ

ಮುಖ್ಯ ಹಾನಿಯುಂಟಾಗುವುದು ಸುಟ್ಟ ತಂಬಾಕಿನ ಹೊಗೆಯಿಂದ. ವ್ಯಸನವನ್ನು ಉಳಿಸುವುದು ನಿಕೋಟಿನ್. ನಿಕೋಟಿನ್ ಬದಲಿ ಚಿಕಿತ್ಸೆಯಲ್ಲಿ ಹೊಗೆಯಿಲ್ಲದೆ ಅಳತೆಯ ಪ್ರಮಾಣದ ನಿಕೋಟಿನ್ ನೀಡಿ, ಸಾಮಾನ್ಯವಾಗಿ 8ರಿಂದ 12 ವಾರಗಳಲ್ಲಿ ಅದನ್ನೂ ನಿಲ್ಲಿಸಲಾಗುತ್ತದೆ. ಈ ಚಿಕಿತ್ಸೆಯನ್ನು 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಲಾಗಿದೆ.

ನಿಕೋಟಿನ್ ಗಮ್ ಬಳಸುವವರು ಅದನ್ನು ಗುಟ್ಕಾದಂತೆ ಎಡೆಬಿಡದೆ ಜಗಿಯಬಾರದು. ನಾಲಿಗೆಯಲ್ಲಿ ಚುರುಗುಟ್ಟುವವರೆಗೆ ನಿಧಾನವಾಗಿ ಜಗಿದು, ನಂತರ ಒಸಡು ಮತ್ತು ಕೆನ್ನೆಯ ನಡುವೆ ಇರಿಸಿಕೊಳ್ಳಬೇಕು. ಚುರುಕು ತಗ್ಗಿದ ಮೇಲೆ ಮತ್ತೆ ಜಗಿಯಬೇಕು. ಹೀಗೆ ಸುಮಾರು ಅರ್ಧ ಗಂಟೆ ಬಳಸಬಹುದು. ಚಹಾ ಅಥವಾ ಕಾಫಿ ಕುಡಿದು 15 ನಿಮಿಷವಾದರೂ ಕಳೆದ ಮೇಲೆ ಬಳಸುವುದು ಸೂಕ್ತ. ನಿದ್ದೆಯಿಂದ ಎದ್ದ ಅರ್ಧ ಗಂಟೆಯೊಳಗೆ ಬೀಡಿ ಹಚ್ಚುವವರು ಆ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ಪ್ರಮಾಣವನ್ನು ನಿರ್ಧರಿಸಲು ಇದು ಮುಖ್ಯ. ಗರ್ಭಿಣಿಯರು ಮತ್ತು ಹೃದ್ರೋಗಿಗಳು ವೈದ್ಯರ ಸಲಹೆಯಿಲ್ಲದೆ ಬಳಸತಕ್ಕದ್ದಲ್ಲ.

ಬಿಟ್ಟ ಮೊದಲ ವಾರದಲ್ಲಿ ಸಿಡುಕು, ನಿದ್ರಾಹೀನತೆ ಹಾಗೂ ಹಂಬಲ ಹೆಚ್ಚಿರುತ್ತವೆ. ಬಳಿಕ ಕೆಲವು ವಾರಗಳಲ್ಲಿ ತಗ್ಗುತ್ತವೆ. ಮಧ್ಯೆ ಒಂದು ಬೀಡಿ ಸೇದಿದ ಮಾತ್ರಕ್ಕೆ ಪ್ರಯತ್ನವು ವಿಫಲವಾಯಿತೆಂದು ಭಾವಿಸಿ ಚಿಕಿತ್ಸೆಯನ್ನು ಕೈಬಿಡಬಾರದು.

ಸೇವೆ ಪಡೆಯುವ ವಿಧಾನ

1. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ಪ್ರಾದೇಶಿಕ ಕೇಂದ್ರವಾಗಿದ್ದು, ಕನ್ನಡದಲ್ಲಿಯೂ ಆಪ್ತ ಸಮಾಲೋಚನೆ ದೊರೆಯುತ್ತದೆ.

2. 011-22901701 ಸಂಖ್ಯೆಗೆ ಮಿಸ್ಡ್ ಕಾಲ್ ನೀಡಿದಲ್ಲಿ ಮೊಬೈಲ್ ಸಂದೇಶಗಳ ಮೂಲಕ ಮಾರ್ಗದರ್ಶನ ನೀಡಲಾಗುತ್ತದೆ.

3. ಬೆಲ್ಲದ ಬಾಗೇವಾಡಿ ಹಾಗೂ ಸುತ್ತಲಿನ ಗ್ರಾಮಸ್ಥರು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಅಥವಾ ಹುಕ್ಕೇರಿ, ಗೋಕಾಕದ ಸರ್ಕಾರಿ ಆಸ್ಪತ್ರೆಗಳನ್ನು ಸಂಪರ್ಕಿಸಬಹುದು. ದಿನಕ್ಕೆ ಎಷ್ಟು ಬೀಡಿ, ಎಷ್ಟು ವರ್ಷಗಳಿಂದ, ಹಿಂದೆ ಎಷ್ಟು ಬಾರಿ ಬಿಡಲು ಯತ್ನಿಸಲಾಗಿತ್ತು ಎಂಬ ವಿವರಗಳನ್ನು ಬರೆದುಕೊಂಡು ಹೋದಲ್ಲಿ ಅನುಕೂಲವಾಗುತ್ತದೆ.

4. ಈಗಾಗಲೇ ವೇಪ್ ಬಳಸುತ್ತಿರುವವರು ಆ ಸಂಗತಿಯನ್ನು ವೈದ್ಯರಿಂದ ಮುಚ್ಚಿಡುವ ಅಗತ್ಯವಿಲ್ಲ. ಅದೂ ನಿಕೋಟಿನ್ ವ್ಯಸನವೇ ಆಗಿದ್ದು, ಅದಕ್ಕೂ ಸಮಾಲೋಚನೆ ಹಾಗೂ ಚಿಕಿತ್ಸೆ ಉಂಟು.

ಬೀಡಿ ಬಿಡಬೇಕೆಂಬ ಇಚ್ಛೆ ಮೂಡಿದ ದಿನವೇ ನಿಷೇಧಿತ ವಸ್ತುವನ್ನು ಹುಡುಕಿಕೊಂಡು ಹೋಗದೆ, ಮೇಲಿನ ಯಾವುದಾದರೊಂದು ಸೇವೆಯನ್ನು ಪಡೆದುಕೊಳ್ಳಲು ಸಾರ್ವಜನಿಕರಲ್ಲಿ ಕೋರಲಾಗಿದೆ.