ದಫ್ತರಕ್ಕೆ ಕೈಹಾಕುವ ಯಂತ್ರ

ಇಂಡಿಯ ಲಿಂಬೆಯ ತೋಟವಾಗಲಿ, ಸಿಂದಗಿಯ ತೊಗರಿಯ ಹೊಲವಾಗಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಭೂಮಿಯಾಗಲಿ, ಅದು ಯಾರದು, ಅದರಲ್ಲಿ ಯಾವ ಬೆಳೆ ಎಂಬುದನ್ನು ಹೇಳುವ ಪತ್ರವೇ ಪಹಣಿ. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯ ಮೂಲಕ ಇಂತಹ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ಬ್ಯಾಂಕಿನ ಸಾಲ, ಬೆಳೆವಿಮೆ, ಭೂಸ್ವಾಧೀನದ ಪರಿಹಾರ ಇವೆಲ್ಲಕ್ಕೂ ಆ ದತ್ತಸಂಚಯದ ಒಂದು ಪಂಕ್ತಿಯೇ ಆಧಾರ.

ಇದೀಗ ಕೃತಕ ಬುದ್ಧಿಮತ್ತೆಯ ಏಜೆಂಟುಗಳು ಬಂದಿವೆ. ಗುರಿಯನ್ನು ತಿಳಿಸಿದರೆ ಸಾಕು, ದಾರಿಯನ್ನು ತಾವೇ ಆರಿಸಿಕೊಳ್ಳುತ್ತವೆ. ಅನುಮತಿಯಿದ್ದರೆ ದತ್ತಸಂಚಯದಲ್ಲಿ ಬರೆಯಲೂ ಅಳಿಸಲೂ ಬಲ್ಲವು. ಇಂದಲ್ಲದಿದ್ದರೆ ನಾಳೆ ಅವು ನಮ್ಮ ದಫ್ತರಗಳ ಬಾಗಿಲಿಗೂ ಬಂದಾವು. ಓದುವಾಗ ಯಂತ್ರವು ತಪ್ಪಿದರೆ ಮತ್ತೊಮ್ಮೆ ಕೇಳಬಹುದು. ಬರೆಯುವಾಗ ತಪ್ಪಿದರೆ ಆ ತಪ್ಪೇ ದಾಖಲೆಯಾಗಿ ನಿಲ್ಲುತ್ತದೆ. 2025ರ ಜುಲೈಯಲ್ಲಿ ಅಮೆರಿಕದ ರೆಪ್ಲಿಟ್ ಸಂಸ್ಥೆಯ ಏಜೆಂಟು, ಯಾವ ಬದಲಾವಣೆಯನ್ನೂ ಮಾಡಕೂಡದೆಂಬ ಸ್ಪಷ್ಟ ಆಜ್ಞೆಯಿದ್ದರೂ, 1,200ಕ್ಕೂ ಹೆಚ್ಚು ಮಂದಿ ಅಧಿಕಾರಿಗಳ ವಿವರಗಳಿದ್ದ ದತ್ತಸಂಚಯವನ್ನು ಅಳಿಸಿಹಾಕಿತು. ಅದನ್ನು ಹಿಂದಿನ ಸ್ಥಿತಿಗೆ ತರಲಾಗದೆಂದು ಹೇಳಿತು. ಆ ಮಾತೂ ಸುಳ್ಳಾಯಿತು. ಬಾಯಿಮಾತಿನ ಆಜ್ಞೆ ಬೀಗವಲ್ಲವೆಂಬುದು ಇದರ ಪಾಠ.

ಹಾಗಾದರೆ ಬೀಗವೆಲ್ಲಿದೆ? ಬಹು ದೂರ ಹುಡುಕಬೇಕಾಗಿಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ ಮ್ಯುಟೇಶನ್ ಕ್ರಮವನ್ನು ನೋಡಿರಿ. ಬದಲಾವಣೆಯನ್ನು ಮೊದಲು ಬೇರೊಂದು ರಿಜಿಸ್ಟರಿನಲ್ಲಿ ಬರೆಯುತ್ತಾರೆ; ಸಂಬಂಧಪಟ್ಟವರಿಗೆ ನೋಟೀಸು ಹೋಗುತ್ತದೆ; ಗೊತ್ತಾದ ದಿನಗಳವರೆಗೆ ತಕರಾರಿಗೆ ಅವಕಾಶವಿರುತ್ತದೆ; ಅನಂತರವೇ ಜವಾಬ್ದಾರ ಅಧಿಕಾರಿಯ ಮಂಜೂರಾತಿ. ‘ಭೂಮಿ’ಯು ಇದಕ್ಕೆ ನೌಕರನ ಬೆರಳ ಗುರುತನ್ನೂ ಸೇರಿಸಿ, ಬರೆದವರಾರೆಂಬುದನ್ನು ಖಚಿತಗೊಳಿಸಿತು.

ಈ ಮೆಟ್ಟಿಲು ತಪ್ಪಿದರೆ ಏನಾಗುವುದೆಂಬುದನ್ನು ವಿಜಯಪುರ ಜಿಲ್ಲೆ ಕಂಡಿದೆ. 2024ರಲ್ಲಿ ಇಂಡಿ ತಾಲ್ಲೂಕಿನ ಕೆಲವು ಸರ್ವೆ ನಂಬರುಗಳ ಪಹಣಿಗಳಲ್ಲಿ, ರೈತರಿಗೆ ನೋಟೀಸು ನೀಡದೆಯೇ ವಕ್ಫ್ ಎಂಬ ನಮೂದಾಗಿದ್ದುದು ಬೆಳಕಿಗೆ ಬಂದು ದೊಡ್ಡ ಚಳವಳಿಯೇ ನಡೆಯಿತು. ಆ ವಿವಾದದ ನ್ಯಾಯಾನ್ಯಾಯ ಇಲ್ಲಿ ನಮ್ಮ ವಿಷಯವಲ್ಲ. ಮನುಷ್ಯರ ಕೈ ಬರೆದ ಬೆರಳೆಣಿಕೆಯ ನಮೂದುಗಳೇ ಅಷ್ಟು ಕಳವಳವನ್ನು ತಂದವು. ಕ್ಷಣಮಾತ್ರದಲ್ಲಿ ಸಾವಿರಾರು ಪಂಕ್ತಿಗಳನ್ನು ತಿದ್ದಬಲ್ಲ ಯಂತ್ರಕ್ಕೆ ಎಷ್ಟು ಹೆಚ್ಚಿನ ಎಚ್ಚರ ಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಆದುದರಿಂದ ಏಜೆಂಟಿಗೆ ಓದುವ ಕೀಲಿಕೈ ಬೇರೆ, ಬರೆಯುವ ಕೀಲಿಕೈ ಬೇರೆಯಾಗಿರಬೇಕು. ಅದು ಬರೆಯುವುದೆಲ್ಲವೂ ಮೊದಲು ಕರಡು ಪಟ್ಟಿಗೆ ಹೋಗಬೇಕು. ಒಂದು ಸಲಕ್ಕೆ ಎಷ್ಟು ಪಂಕ್ತಿಗಳನ್ನು ಮುಟ್ಟಬಹುದೆಂಬ ಮಿತಿಯನ್ನು ದತ್ತಸಂಚಯವೇ ವಿಧಿಸಬೇಕು. ಹಳೆಯ ಬೆಲೆ, ಹೊಸ ಬೆಲೆ, ಬರೆದವರು, ಒಪ್ಪಿದವರು, ಇವನ್ನು ಅಳಿಸಲಾಗದ ದಿನಚರಿಯೊಂದು ಕಾಯಬೇಕು. ಮೂಲದ ಪ್ರತಿಯು ಏಜೆಂಟಿನ ಕೈಗೆ ನಿಲುಕದ ಸ್ಥಳದಲ್ಲಿರಬೇಕು.

ಪ್ರತಿಯೊಂದನ್ನೂ ಮನುಷ್ಯನೇ ಒಪ್ಪಬೇಕಾದರೆ ಯಂತ್ರದಿಂದ ಲಾಭವೇನೆಂದು ಕೆಲವರು ಕೇಳಬಹುದು. ಸಾವಿರ ಕರಡುಗಳನ್ನು ಸಿದ್ಧಪಡಿಸುವುದು, ಸಂಶಯಾಸ್ಪದವಾದುವನ್ನು ಎತ್ತಿ ತೋರಿಸುವುದು ಸಣ್ಣ ಲಾಭವಲ್ಲ. ಆದರೆ ಓದದೆ ರುಜು ಹಾಕುವ ಅಧಿಕಾರಿಯಿದ್ದಲ್ಲಿ ಯಾವ ಬೀಗವೂ ನಿಲ್ಲದು. ನಾಳೆ ಇಂತಹ ಯಂತ್ರಗಳನ್ನು ಕಟ್ಟಲಿರುವ ವಿದ್ಯಾರ್ಥಿಗಳು ಇದನ್ನು ಮರೆಯಬಾರದು: ಹೊಲದ ಒಡೆಯನಿಗೆ ತಕರಾರು ಹೇಳಲು ಸಮಯ ಕೊಡದ ವೇಗವು ಪ್ರಗತಿಯೆನಿಸದು.